ಎರಡು ಎಸೆತಗಳ ನಡುವೆ

ಹುಬ್ಬಳ್ಳಿಯ ರಾಜನಗರ, ಕೆಎಸ್‌ಸಿಎ ಮೈದಾನ. ಮಧ್ಯಾಹ್ನದ ಬಿಸಿಲು ನೆತ್ತಿ ಬಿಟ್ಟು ಬೆನ್ನಿಗೆ ಬಂದಿದೆ. ನೀವು ಅಂಪೈರ್ ನಿಲ್ಲುವ ಜಾಗಕ್ಕೆ ಎರಡು ಹೆಜ್ಜೆ ಆಚೆ ನಿಂತಿದ್ದೀರಿ. ನಡೆಯುತ್ತಿರುವುದು ಬರೀ ಅಭ್ಯಾಸ, ಆದರೂ ಯಾರ ಮುಖದಲ್ಲೂ ನಗುವಿಲ್ಲ. ಕೋಚ್ ಲೆಕ್ಕ ಕಟ್ಟಿದ್ದಾರೆ: ಆರು ಎಸೆತ, ಎಂಟು ರನ್. ಸೋತ ಕಡೆಯವರು ಇದೇ ಬಿಸಿಲಲ್ಲಿ ಮೈದಾನ ಸುತ್ತಬೇಕು.

ಎಡಗೈ ಸ್ಪಿನ್ನರ್ ಹುಡುಗ ಓಡಿಬಂದು ಮೊದಲ ಎಸೆತ ಹಾಕುತ್ತಾನೆ. ಫುಲ್‌ಟಾಸ್. ಚೆಂಡು ಕವರ್ಸ್ ಸೀಳಿಕೊಂಡು ಬೌಂಡರಿಗೆ. ಇನ್ನು ನಾಲ್ಕೇ ರನ್.

ಚೆಂಡು ವಾಪಸ್ ಬಂದಾಗ ಅವನ ಬೆರಳು ನೋಡಿ. ಒದ್ದೆ ಬಟ್ಟೆ ಹಿಂಡುವವನ ಹಾಗೆ ಹಿಡಿದಿದ್ದಾನೆ, ಉಗುರುಗಳು ಬಿಳುಚಿಕೊಂಡಿವೆ. ಅಂಗೈಯಲ್ಲಿ ಬೆವರು. ನಾಲಿಗೆ ಒಣಗಿರಬೇಕು, ತುಟಿ ಸವರಿಕೊಳ್ಳುತ್ತಿದ್ದಾನೆ. ಅಡ್ರಿನಲಿನ್ ರಕ್ತಕ್ಕೆ ಇಳಿದು ತನ್ನ ಕೆಲಸ ಶುರು ಮಾಡಲು ಕೆಲವು ಸೆಕೆಂಡು ಸಾಕು. ಓಡಲು, ಹೊಡೆದಾಡಲು ಅದು ಒಳ್ಳೆಯದೇ. ಸ್ಪಿನ್ನರ್‌ನ ಕಷ್ಟ ಬೇರೆ. ಅವನ ಹೊಟ್ಟೆಪಾಡು ಬೆರಳ ತುದಿಯದು. ಹಿಡಿತ ಬಿಗಿಯಾದರೆ ಮಣಿಕಟ್ಟು ಸೆಟೆಯುತ್ತದೆ, ಚೆಂಡು ತಿರುಗುವುದಿಲ್ಲ.

“ಯಾಕೋ ತಮ್ಮಾ, ಏನಾತು?” ಮಿಡ್ ಆಫ್‌ನಿಂದ ಕೋಚ್.

“ಎದಿ ಡವಡವ ಅನ್ನಾಕತ್ತೈತ್ರಿ ಸರ್.”

“ಅನ್ಲಿ ಬಿಡು. ಮೈ ತಯಾರಾಗೇತಿ ಅಂತ ತಿಳ್ಕೋ. ಮೊದಲ ಉಸಿರು ಬಿಡು.”

‘ಸಮಾಧಾನ ಮಾಡ್ಕೋ’ ಅನ್ನಲಿಲ್ಲ, ಗಮನಿಸಿದಿರಾ? ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಕಂಡಿತ್ತು. ಹಾಡು, ಭಾಷಣ, ಗಣಿತದ ಪರೀಕ್ಷೆಗೆ ಮುಂಚೆ ಶಾಂತವಾಗಲು ಹೆಣಗಿದವರಿಗಿಂತ ‘ನನಗೆ ಹುರುಪು ಬಂದಿದೆ’ ಅಂದುಕೊಂಡವರು ಚೆನ್ನಾಗಿ ಮಾಡಿದ್ದರು. ಎದೆಬಡಿತ ಅದೇ, ಅದಕ್ಕೆ ಕೊಟ್ಟ ಅರ್ಥ ಬೇರೆ.

ಹುಡುಗ ಬೆನ್ನು ತಿರುಗಿಸುತ್ತಾನೆ. ಅಂಗೈಯನ್ನು ನೆಲದ ಧೂಳಿಗೆ ಒತ್ತಿ ಪ್ಯಾಂಟಿಗೆ ಒರೆಸುತ್ತಾನೆ. ಚೆಂಡನ್ನು ಬಲಗೈಗೆ ದಾಟಿಸಿ, ಎಡಗೈ ಬೆರಳುಗಳನ್ನು ಸಡಿಲಬಿಟ್ಟು ಕೊಡವುತ್ತಾನೆ. ಮೂಗಿನಿಂದ ಉಸಿರು ಒಳಗೆ, ಬಾಯಿಂದ ನಿಧಾನ ಹೊರಗೆ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಬಡಿತ ಇಳಿಯುತ್ತದೆ. ಇದಕ್ಕೆ ಮಾತ್ರೆಯೂ ಉಂಟು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಪ್ರೊಪ್ರನೊಲಾಲ್ ನುಂಗಿ ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡ. ಸ್ಪಿನ್ನರ್‌ಗೆ ಅದನ್ನು ಕೊಟ್ಟರೂ ದಂಡ ಅನ್ನಿ. ಅವನಿಗೆ ಆ ಕಾವೂ ಬೇಕು, ಬೆರಳೂ ಸಡಿಲ ಬೇಕು.

ಎರಡನೇ ಎಸೆತ ಗಾಳಿಯಲ್ಲಿ ತೂಗಿ, ಬಿದ್ದು, ತಿರುಗುತ್ತದೆ. ರನ್ ಇಲ್ಲ. ಮೂರನೆಯದಕ್ಕೆ ಒಂದು.

ಗದುಗಿನ ಸುನಿಲ್ ಜೋಶಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮುಗಿಸಿ, ಮತ್ತೆ ಗದುಗಿಗೆ ಹೋಗಿ ತರಗತಿಯಲ್ಲಿ ಕೂರುತ್ತಿದ್ದರು. ಅವರೂ ಎಡಗೈ ಸ್ಪಿನ್ನರೇ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ಭಾರತದ ಪರ, ಕ್ರೋನಿಯೆ, ಗಿಬ್ಸ್, ರೋಡ್ಸ್ ಇದ್ದ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಜನ ಐದು ವಿಕೆಟ್ ನೆನೆಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ಆರು ರನ್. ಅರವತ್ತು ಎಸೆತ, ಪ್ರತಿ ಎಸೆತಕ್ಕೂ ಮುನ್ನ ಹೀಗೇ ಬೆನ್ನು ತಿರುಗಿಸಿ ಒಂದು ನಡಿಗೆ. ಒಂದೆರಡು ಸಲ ಬೆರಳು ಬಿಗಿದಿದ್ದರೂ ಆ ಅಂಕಿ ಉಳಿಯುತ್ತಿರಲಿಲ್ಲ.

ಇತ್ತ ಇನ್ನೊಂದು ಎಸೆತ ಖಾಲಿ, ಮತ್ತೊಂದಕ್ಕೆ ಒಂದು ರನ್. ಕೊನೆಯ ಎಸೆತಕ್ಕೆ ಎರಡು ಬೇಕು. ಈಗ ಬ್ಯಾಟ್ಸ್‌ಮನ್‌ನ ಸರದಿ: ಸ್ಕ್ವೇರ್ ಲೆಗ್ ಕಡೆ ನಡೆದು, ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಅಂಟಿಸುತ್ತಾನೆ, ಕ್ರೀಸಿನಲ್ಲಿ ಗೆರೆ ಎಳೆಯುತ್ತಾನೆ. ಸಲ ಸಲಕ್ಕೂ ಅದೇ ಕ್ರಮ. ಈ ಸಲ ಮಾತ್ರ ಗೆರೆ ಎಳೆಯುವ ಮೊದಲೇ ಬೌಂಡರಿ ಎಣಿಸಿಬಿಟ್ಟ. ಹುಡುಗ ಉಸಿರು ಬಿಡುತ್ತಾನೆ, ಓಡಿಬರುತ್ತಾನೆ. ಬ್ಯಾಟ್ಸ್‌ಮನ್ ಮುನ್ನುಗ್ಗುತ್ತಾನೆ, ಚೆಂಡು ಬ್ಯಾಟಿನ ಹೊರಗೆ ತಿರುಗುತ್ತದೆ, ಕೀಪರ್ ಬೇಲ್ಸ್ ಹಾರಿಸುತ್ತಾನೆ.

ಕೂಗಾಟ ಮುಗಿಯುವುದನ್ನೂ ಕೋಚ್ ಕಾಯುವುದಿಲ್ಲ. “ಮತ್ತ ಅದ ಫೀಲ್ಡ್ ಇರ್ಲಿ. ಬೌಲಿಂಗ್ ನೀನ ಮಾಡು ತಮ್ಮಾ. ಈ ಸಲ ಅವರಿಗೆ ಐದ ರನ್ ಸಾಕು.”