ಪೈಲಟ್‌ನದೇ ತಪ್ಪೇ?

ನಮ್ಮ ಬೆಳ್ಳಟ್ಟಿಯವರು ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಆದರೆ ಎಲ್ಲಿಯೋ ಒಂದು ವಿಮಾನ ಬಿತ್ತೆಂದರೆ ಸಾಕು, ಚಹಾದಂಗಡಿಯ ಬೆಂಚಿನ ಮೇಲೆ ಚಹಾ ಆರುವುದರೊಳಗೆ ತನಿಖೆ ಮುಗಿದು ತೀರ್ಪೂ ಬಂದಿರುತ್ತದೆ. "ಪೈಲಟ್ ನಿದ್ದಿ ಹೊಡದಿರಬೇಕ್ರಿ." "ಏ, ಇಂಜಿನ್‌ದಾಗ ಕಸ ಸಿಕ್ಕಿರ್ತೈತಿ ತಗೋರಿ." ಮನೆಗೆ ಬಂದರೆ ಆರನೇ ಇಯತ್ತೆಯ ಮೊಮ್ಮಗಳೂ ಮೊಬೈಲ್ ನೋಡಿ ಅದನ್ನೇ ಕೇಳುತ್ತಾಳೆ, "ಅಜ್ಜಾ, ಪೈಲಟಂದ ತಪ್ಪಂತ, ಹೌದೇನು?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಒಂದು ಪುಟ್ಟ ಸೆಸ್ನಾ 180 ವಿಮಾನ ಮೇಲೆದ್ದಿತು. ಚಿತ್ರನಟಿ ಸೌಂದರ್ಯ, ಅವರ ಅಣ್ಣ, ಇನ್ನೊಬ್ಬರು ಮತ್ತು ಪೈಲಟ್, ಒಟ್ಟು ನಾಲ್ವರು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ವಿಮಾನ ಸಮೀಪದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಹೊತ್ತಿಕೊಂಡಿತು. ಯಾರೂ ಉಳಿಯಲಿಲ್ಲ. 'ದ್ವೀಪ' ಚಿತ್ರ ನಿರ್ಮಿಸಿ ಸ್ವರ್ಣಕಮಲ ತಂದ ಹೆಣ್ಣುಮಗಳು ಆಕೆ.

ಆಮೇಲೆ ಹುಟ್ಟಿದ ಕಥೆಗಳು ಒಂದೇ, ಎರಡೇ! ಭಾರ ಹೆಚ್ಚಾಗಿತ್ತು, ಪೈಲಟ್ ಅವಸರ ಮಾಡಿದ, ಯಾರೋ ಏನೋ ಮಾಡಿಸಿದರು. ಅದೇ ಆಗಸ್ಟ್‌ನಲ್ಲಿ 'ಆಪ್ತಮಿತ್ರ' ಬಂತು ನೋಡಿ, ಇದು ನಾಗವಲ್ಲಿಯ ಶಾಪವೇ ಅಂದರು. 2009ರಲ್ಲಿ ವಿಷ್ಣುವರ್ಧನ್ ತೀರಿಕೊಂಡಾಗ ಆ ಕಥೆಗೆ ಮತ್ತೆ ಜೀವ ಬಂತು. ಆ ಪೈಲಟ್ಟೂ ಅಂದೇ ಸತ್ತ, ಅವನಿಗೂ ಮನೆಮಂದಿ ಇದ್ದರು ಎಂದು ಬೆಂಚಿನ ಮೇಲೆ ಒಬ್ಬರೂ ಅಂದದ್ದು ನಾನು ಕೇಳಲಿಲ್ಲ.

ಮಕ್ಕಳೇ, ಇಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ತೇಲುತ್ತ ಇಳಿಯುವುದನ್ನು ನೋಡಿದ್ದೀರಲ್ಲ, ಹಾಗೆ ಇಳಿಯುತ್ತದೆ. ಇಂಥ ಸಣ್ಣ ವಿಮಾನ ಸಾವಿರ ಅಡಿ ಇಳಿಯುವಷ್ಟರಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಮುಂದೆ ಸಾಗಬಲ್ಲದು. ಕಷ್ಟವೆಲ್ಲ ಆಗಷ್ಟೇ ನೆಲ ಬಿಟ್ಟಾಗ. ಎತ್ತರವೂ ಇಲ್ಲ, ವೇಗವೂ ಇಲ್ಲ. ಹಿಂದಕ್ಕೆ ತಿರುಗಿ ರನ್‌ವೇ ಸೇರಿಬಿಡೋಣ ಅನ್ನಿಸುತ್ತದೆ. ಆದರೆ ಕಡಿಮೆ ವೇಗದಲ್ಲಿ ಜೋರಾಗಿ ಹೊರಳಿಸಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಅದಕ್ಕೇ ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿಸು ಎಂದು ಕಲಿಸುತ್ತಾರೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಕೆಟ್ಟಾಗ ಹೊನ್ನಿಹಾಳದ ಹೊಲದಲ್ಲಿ ಇಳಿಸಿದರು. ಸಣ್ಣಪುಟ್ಟ ಗಾಯಗಳಾದರೂ ಇಬ್ಬರೂ ಉಳಿದರು. ನೆಲ ಹತ್ತಿರವಿದ್ದಾಗ ಇದನ್ನೆಲ್ಲ ತೀರ್ಮಾನಿಸಲು ಸಿಗುವುದು ಕೆಲವೇ ಸೆಕೆಂಡು.

ಹಾಗಾದರೆ ಪೈಲಟ್‌ಗೆ ಹೊಣೆಯಿಲ್ಲವೇ? ಖಂಡಿತ ಇದೆ. ಹವೆ ನೋಡಿ, ಭಾರ ಲೆಕ್ಕ ಹಾಕಿ, ಇಂಧನ ಪರೀಕ್ಷಿಸಿ, ಬೇಕಾದರೆ 'ಇವತ್ತು ಹಾರುವುದಿಲ್ಲ' ಅನ್ನಬೇಕಾದವನು ಅವನೇ, ಹಿಂದೆ ಎಂಥ ದೊಡ್ಡ ಮನುಷ್ಯರು ಕೂತಿದ್ದರೂ. ದೊಡ್ಡ ವಿಮಾನಕ್ಕೂ ಇದೇ ಮಾತು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು. ತಪ್ಪನ್ನು ತಪ್ಪೆಂದೇ ಬರೆದರು, ಆದರೆ ಕಾಕ್‌ಪಿಟ್‌ನ ಧ್ವನಿಮುದ್ರಣ ಕೇಳಿ, ದಾಖಲೆ ನೋಡಿ ಬರೆದರು. ನಾನಿದ್ದ ಬ್ಯಾಂಕಿನಲ್ಲೂ ಸಂಜೆ ನಗದು ತಾಳೆಯಾಗದಿದ್ದರೆ ಎಲ್ಲರ ಕಣ್ಣು ಕ್ಯಾಶಿಯರ್ ಮೇಲೆ. ಒಂದೊಂದೇ ವೋಚರ್ ತೆಗೆದು ನೋಡಿದರೆ ಎಷ್ಟೋ ಸಲ ಪುಸ್ತಕದಲ್ಲಿ 56 ಇದ್ದಲ್ಲಿ 65 ಬಿದ್ದಿರುತ್ತಿತ್ತು.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜನ ಸತ್ತರು. ತಿಂಗಳ ನಂತರ ಬಂದದ್ದು ಪ್ರಾಥಮಿಕ ವರದಿ ಮಾತ್ರ. ಇಂಧನದ ಸ್ವಿಚ್ ಏಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಎಂದು ಇನ್ನೊಬ್ಬ ಅಂದದ್ದು ಅದರಲ್ಲಿದೆ. ಕೇಳಿದ್ದು ಯಾರು, ಅಂದದ್ದು ಯಾರು ಎಂದು ಬರೆದಿಲ್ಲ. ಅಷ್ಟರೊಳಗೆ ಜಗತ್ತಿನ ತುಂಬ ಕ್ಯಾಪ್ಟನ್ ಹೆಸರು ಓಡಾಡಿತು. 91 ವರ್ಷದ ಅವರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನಿಮ್ಮ ಮಗನ ಮೇಲೆ ಯಾರೂ ತಪ್ಪು ಹೊರಿಸಲಾಗದು, ಆ ಭಾರ ಹೊತ್ತುಕೊಳ್ಳಬೇಡಿ ಎಂದು ನವೆಂಬರ್‌ನಲ್ಲಿ ನ್ಯಾಯಮೂರ್ತಿಗಳು ಆ ಹಿರಿಯರಿಗೆ ಹೇಳಿದರು.