ಮಳಖೇಡದ ಮಣ್ಣಿನಲ್ಲಿ ಸೀಸದ ಗುಂಡು

ವಾಡಿ ಜಂಕ್ಷನ್ನಿನಿಂದ ಸೇಡಮ್ಮಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ಸಿಮೆಂಟು ಕಾರ್ಖಾನೆಯ ಚಿಮಣಿಗಳು. ಬಳಿಕ ತೊಗರಿಯ ಹೊಲಗಳು. ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣ. ಕಾಗಿಣಾ ನದಿಯ ದಡದ ಆ ಊರೇ ನೃಪತುಂಗನ ಮಾನ್ಯಖೇಟವೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ನೆಲವನ್ನು ಶತ್ರುಸೇನೆಗಳು ಮತ್ತೆ ಮತ್ತೆ ತುಳಿದುದನ್ನು ನೆನೆಯುವವರು ಕಡಿಮೆ.

972ರಲ್ಲಿ ಮಾಳವದ ಪರಮಾರ ಸೀಯಕನು ಖೊಟ್ಟಿಗನ ರಾಜಧಾನಿಯನ್ನು ಸೂರೆಗೊಂಡನು. ಮರುವರ್ಷವೇ ರಾಷ್ಟ್ರಕೂಟರ ಸಿಂಹಾಸನ ಚಾಲುಕ್ಯ ತೈಲಪನ ಪಾಲಾಯಿತು. ಏಳು ಶತಮಾನಗಳು ಸರಿದ ಮೇಲೆ, 1685ರಲ್ಲಿ, ಔರಂಗಜೇಬನ ಮಗ ಶಾಹ ಆಲಮನು ಹೈದರಾಬಾದಿನ ಮೇಲೆ ನಡೆದು ಬಂದಾಗ ಗೋಲ್ಕೊಂಡದ ದಂಡು ಅವನನ್ನು ಮಳಖೇಡದ ಬಳಿ ತಡೆದು ಕಾದಿತು. ಗೋಲ್ಕೊಂಡದ ಸೇನಾಪತಿ ಮೀರ್ ಮಹಮ್ಮದ್ ಇಬ್ರಾಹಿಮನು ಕಡೆಗೆ ಮೊಗಲರನ್ನೇ ಸೇರಿದನು. ಎರಡು ವರ್ಷಗಳಲ್ಲಿ ಗೋಲ್ಕೊಂಡವೇ ಮುಳುಗಿತು. ಆದರೆ ಡೇರೆಗಳು ನಿಂತ ಹೊಲ ಯಾವುದು, ತೋಪುಗಳನ್ನು ಹೂಡಿದ ದಿಬ್ಬ ಯಾವುದು?

ಇದಕ್ಕೆ ಉತ್ತರ ಹೇಳಬಲ್ಲ ಸಾಧನವೆಂದರೆ ಲೋಹಶೋಧಕ. ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಮಣ್ಣಿನೊಳಗಿನ ಲೋಹವನ್ನು ಕೆಣಕುತ್ತದೆ, ಲೋಹದ ಮಾರುತ್ತರ ಸದ್ದಾಗಿ ಕಿವಿಗೆ ಬೀಳುತ್ತದೆ. ಸೀಯಕನ ಕಾಲದ ಕಬ್ಬಿಣದ ಬಾಣದ ಮೊನೆಗಳು ತುಕ್ಕಾಗಿ ಮಣ್ಣಿನಲ್ಲಿ ಬೆರೆತಿದ್ದರೆ ಸೋಜಿಗವಿಲ್ಲ. ಕೋವಿಯ ಸೀಸದ ಗುಂಡಿನ ಬಾಳು ಬೇರೆ; ಮೈಮೇಲೆ ಬಿಳಿಯ ಪೊರೆ ಕಟ್ಟಿಕೊಂಡು ಅದು ಶತಮಾನಗಳನ್ನು ಕಳೆಯುತ್ತದೆ. ಚಪ್ಪಟೆಯಾದ ಗುಂಡು ಗುರಿಗೋ ಕಲ್ಲಿಗೋ ಬಡಿದದ್ದು. ದುಂಡಗೇ ಉಳಿದದ್ದು ಗುರಿ ತಪ್ಪಿದ್ದು, ಇಲ್ಲವೆ ಸಿಪಾಯಿಯ ಚೀಲದಿಂದ ಜಾರಿದ್ದು.

ಅಮೆರಿಕೆಯ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲನ್ನು 1983ರಲ್ಲಿ ಬೆಂಕಿ ಸುಟ್ಟಿತು. ಮರುವರ್ಷ ಪುರಾತತ್ತ್ವಜ್ಞರು ಈ ಯಂತ್ರ ಹಿಡಿದು ಸಾಲಾಗಿ ನಡೆದು, ಒಂದೊಂದು ತೋಟೆ ಬಿದ್ದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ, 1876ರ ಕಾಳಗದ ಓಟ ಹಿಮ್ಮೆಟ್ಟುಗಳನ್ನು ಮತ್ತೆ ಬರೆದರು. ನಮ್ಮಲ್ಲಿಯೂ ಮಣ್ಣು ಮಾತಾಡಿದ್ದುಂಟು: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದವೆನ್ನಲಾದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಹೊರಬಂದವು.

ಸೇಡಂ, ಚಿಂಚೋಳಿಗಳ ಎರೆಹೊಲ ಅಷ್ಟು ಸುಲಭವಾಗಿ ಬಾಯಿ ಬಿಡದು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಬಿರುಕಿಗೆ ಬಿದ್ದ ಗುಂಡು ಯಂತ್ರಕ್ಕೆ ಎಟುಕದಷ್ಟು ಆಳಕ್ಕೆ ಇಳಿದೀತು. ಮೇಲಾಗಿ ಸದ್ದು ಕೇಳಿ ಅಗೆದರೆ ಹತ್ತರಲ್ಲಿ ಒಂಬತ್ತು ಬಾರಿ ಸಿಗುವುದು ಕೂರಿಗೆಯ ಮುರಿದ ತುಂಡು ಇಲ್ಲವೆ ಎತ್ತಿನ ಲಾಳ!

ಸಿಕ್ಕ ಗುಂಡನ್ನು ಜೇಬಿಗಿಳಿಸಿದರೆ ಉಳಿಯುವುದು ತೂಕದ ಸೀಸ ಮಾತ್ರ, ಏಕೆಂದರೆ ಕಾಳಗದ ಕಥೆಯಿರುವುದು ಅದು ಬಿದ್ದಿದ್ದ ಜಾಗದಲ್ಲಿ. ನಿಧಿಯಾಸೆಯಿಂದ ಗುಡಿಯ ಪೀಠವನ್ನೇ ಕಿತ್ತವರ ನಾಡಿನಲ್ಲಿ ಈ ಯಂತ್ರ ಯಾರ ಕೈಗೆ ಬಂದೀತೆಂಬ ಅಂಜಿಕೆ ಸಹಜವೇ. ಸಂರಕ್ಷಿತ ತಾಣದಲ್ಲಿ ಅಪ್ಪಣೆಯಿಲ್ಲದೆ ಅಗೆಯುವಂತಿಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1962ರ ರಾಜ್ಯದ ಕಾಯಿದೆಯೂ ಇದೆ.

ಕಳ್ಳರಿಗಿಂತ ದೊಡ್ಡ ಆತುರ ಸುಣ್ಣಕಲ್ಲಿನದು. ಶಹಾಬಾದಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಯಂಗಳ ಸೇರಿದೆ; ವಾಡಿ, ಸೇಡಂಗಳ ಕಲ್ಲು ಸಿಮೆಂಟಾಗಿ ಹೊರಟಿದೆ. ಗಣಿಗೆ ಹೋಗುವ ಹೊಲದಲ್ಲಿ ಮೊದಲು ಮೇಲುಮಣ್ಣನ್ನು ಎತ್ತಿ ಬದಿಗೆ ಸುರಿಯುತ್ತಾರೆ. ಗುಂಡುಗಳೇನಾದರೂ ಉಳಿದಿದ್ದರೆ, ಅವು ಇರುವುದು ಆ ಮಣ್ಣಿನಲ್ಲಿಯೇ.