ಲಾರಿ ಲೆಡ್ಜರ್: ನಾನು ‘ಬೇಡ’ ಅಂತ ಬರೆದ ಖರ್ಚು

(1/5)
ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಹೋದ ವರ್ಷದ ಫೆಬ್ರವರಿ ಪುಟ, ನನ್ನದೇ ಅಕ್ಷರ. ಅಪ್ಪನ ಲಾರಿ ಲೆಕ್ಕ ನಾನು ಬರೆಯೋಕೆ ಶುರು ಮಾಡಿ ಆಗ ಎರಡೇ ತಿಂಗಳಾಗಿತ್ತು. ಬಿಕಾಂ ಓದ್ತಿದೀನಿ ಅನ್ನೋ ಜಂಬ ಬೇರೆ. ಖರ್ಚನ್ನೆಲ್ಲ ಮೂರು ಕಾಲಂ ಮಾಡಿದ್ದೆ: ‘ಬೇಕೇ ಬೇಕು’, ‘ಆಮೇಲೆ’, ‘ಬೇಡ’. ಇಎಂಐ, ಇನ್ಶೂರೆನ್ಸ್, ಟೈರು, ಎಫ್‌ಸಿ ಎಲ್ಲ ಮೊದಲನೇ ಕಾಲಂ. ಮೂರನೇದರಲ್ಲಿ ಒಂದೇ ಸಾಲು: ‘ಎಸಿ ರಿಪೇರಿ, 4,500’.

ನಮ್ಮದು 2018ರ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಎಸಿ ಇತ್ತು, ಆದ್ರೆ ಬರೀ ಗಾಳಿ ಬರ್ತಿತ್ತು, ತಂಪಿಲ್ಲ. ನಾನು ಅದನ್ನ ಹೊಡೆದು ಹಾಕಿದಾಗ ಅಪ್ಪ ಜಗಳ ಮಾಡ್ಲಿಲ್ಲ. “ನೀ ಹೇಳ್ದಂಗ ಆಗ್ಲಿ ಬಿಡವ್ವ. ನಾ ಇಪ್ಪತ್ತು ವರ್ಷ ಎಸಿ ಇಲ್ದ ಗಾಡೀನ ಓಡ್ಸೀನಿ” ಅಂದ್ರು. 4,500 ಉಳಿಸಿದೆ ಅಂತ ನನಗೆ ಖುಷಿಯೋ ಖುಷಿ.

(2/5)
ಗಂಗಾವತಿಯಿಂದ ಅಕ್ಕಿ ಲೋಡ್ ಮಾಡ್ಕೊಂಡು ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ತುಮಕೂರು ಮೇಲೆ ಬೆಂಗಳೂರಿಗೆ ಹೋಗೋದು ಅಪ್ಪನ ಕೆಲಸ. ಹಗಲು ಹೊತ್ತು ದೊಡ್ಡ ಗಾಡಿಗಳನ್ನ ಊರೊಳಗೆ ಬಿಡಲ್ಲ. ನೆಲಮಂಗಲದ ಹತ್ರ ನಿಲ್ಲಿಸಿ ರಾತ್ರಿ ತನಕ ಕಾಯಬೇಕು. ಊಟ, ನಿದ್ದೆ ಎಲ್ಲ ಆ ಕ್ಯಾಬಿನ್‌ನಲ್ಲೇ.

ನಮ್ಮ ಗಾಡೀಲಿ ಇಂಜಿನ್ ಇರೋದು ಕ್ಯಾಬಿನ್ ಕೆಳಗೇನೇ. ಮೇಲೆ ಬಿಸಿಲು, ಕೆಳಗೆ ಇಂಜಿನ್. ಕಿಟಕಿ ತೆಗೆದ್ರೆ ಒಳಗೆ ಬರೋದೂ ಬಿಸಿ ಗಾಳಿನೇ.

ಏಪ್ರಿಲ್‌ನಲ್ಲಿ ಒಂದಿನ ಮಧ್ಯಾಹ್ನ ಕೂಡ್ಲಿಗಿ ದಾಟಿದ ಮೇಲೆ ಅಪ್ಪಂಗೆ ತಲೆ ಸುತ್ತು ಬಂತು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಕಾಲು ಹಿಡ್ಕೊಂಡಂಗಾಗಿ ಬ್ರೇಕ್ ಒತ್ತೋಕೂ ಕಷ್ಟ. ಹೆಂಗೋ ಸೈಡಿಗೆ ತಗೊಂಡು ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾರೆ. ಅಲ್ಲೇ ಚಹಾ ಅಂಗಡಿ ಇಟ್ಟಿದ್ದ ಅಜ್ಜಿ ತಲೆ ಮೇಲೆ ನೀರು ಹಾಕಿ, ಉಪ್ಪು ಮಜ್ಜಿಗೆ ಕುಡಿಸಿ ಮಲಗಿಸಿದ್ರಂತೆ. ಬೆನ್ನ ಹಿಂದೆ ಟನ್‌ಗಟ್ಟಲೆ ಅಕ್ಕಿ. ಆ ಮರ ಸಿಗೋಕೆ ಇನ್ನೊಂದು ಐದು ನಿಮಿಷ ತಡ ಆಗಿದ್ರೆ? ಈಗ್ಲೂ ಆ ಯೋಚನೆ ಬಂದ್ರೆ ಕೈ ತಣ್ಣಗಾಗುತ್ತೆ.

ಅಪ್ಪ ಇದನ್ನ ಹೇಳಿದ್ದು ಎರಡು ದಿನ ಆದ್ಮೇಲೆ, ಊಟ ಮಾಡ್ತಾ ಮಾಡ್ತಾ, ಬೇರೆ ಯಾರದೋ ಕಥೆ ಹೇಳೋ ತರ. ಅಮ್ಮ ರೊಟ್ಟಿ ಬಡಿಯೋದು ನಿಲ್ಲಿಸಿಬಿಟ್ರು. ನಾನು ಎದ್ದು ಹೋಗಿ ನೋಟ್‌ಬುಕ್ ತೆಗೆದೆ. ಆ ಸಾಲು ಅಲ್ಲೇ ಇತ್ತು.

(3/5)
ಈ ವರ್ಷ ಶಿವರಾತ್ರಿ ಬರೋಕೆ ಮುಂಚೆನೇ ಅಪ್ಪನ ಜೊತೆ ನಾನೂ ಎಸಿ ಮೆಕ್ಯಾನಿಕ್ ಚಾಚಾ ಹತ್ರ ಹೋದೆ. ಬಿಸಿಲು ಶುರುವಾದ್ರೆ ಅಲ್ಲಿ ಸಾಲು ಹಚ್ಚಬೇಕು. “ಚಾಚಾ, ಗ್ಯಾಸ್ ಖಾಲಿ ಆಗಿರ್ಬೇಕು, ತುಂಬಿಸಿಬಿಡ್ರಿ” ಅಂದೆ. ಅವರು ನಕ್ಕರು. “ಅದೇನ್ ಡೀಸೆಲ್ ಏನವ್ವಾ, ಓಡಿದಂಗ ಖಾಲಿ ಆಗಾಕ?”

ಆಮೇಲೆ ಕೂರಿಸ್ಕೊಂಡು ಹೇಳಿಕೊಟ್ರು. ನನಗೆ ಅರ್ಥ ಆಗಿದ್ದು ಇಷ್ಟು: ಎಸಿ ತಂಪನ್ನ ತಯಾರು ಮಾಡಲ್ಲ, ಒಳಗಿನ ಬಿಸೀನ ಹೊರಗೆ ಸಾಗಿಸುತ್ತೆ. ಗ್ಯಾಸ್ ಅಂದ್ರೆ ನಮ್ಮ ಮಿಲ್ಲಿನ ಹಮಾಲರಿದ್ದಂಗೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಹತ್ರ ಬಿಸಿ ಹೊರೆ ಹೊತ್ಕೊಳ್ಳುತ್ತೆ, ಹೊರಗಿರೋ ಕಂಡೆನ್ಸರ್ ಹತ್ರ ಇಳಿಸುತ್ತೆ, ಮತ್ತೆ ಒಳಗೆ ಬರುತ್ತೆ. ಓಡಾಡಿಸೋದು ಕಂಪ್ರೆಸರ್. ಮೂಟೆ ಹೊತ್ರೆ ಹಮಾಲರು ಕಮ್ಮಿ ಆಗ್ತಾರಾ? ಗ್ಯಾಸ್ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ವರ್ಷಾ ವರ್ಷಾ ಗ್ಯಾಸ್ ತುಂಬಿಸೋದು, ಅಸಲು ತೀರಿಸದೆ ಬರೀ ಬಡ್ಡಿ ಕಟ್ಟಿದಂಗೆ.

ನಮ್ಮ ಗಾಡೀಲಿ ಕಂಡೆನ್ಸರ್ ಪೈಪಿನ ಜಾಯಿಂಟ್ ಹತ್ರ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿತ್ತು. ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲೂ ಸುತ್ತುತ್ತೆ, ಸೋರಿದ ಕಡೆ ಗುರುತು ಬಿಡುತ್ತೆ. ನೈಟ್ರೋಜನ್ ಪ್ರೆಶರ್ ಕೊಟ್ಟು ಸೋಪಿನ ನೀರು ಹಚ್ಚಿದ್ರು, ಅಲ್ಲೇ ಗುಳ್ಳೆ ಎದ್ದಿತು. ಹಾಳಾಗಿದ್ದು ಎರಡು ರಬ್ಬರ್ ಓ-ರಿಂಗ್. ಎರಡಕ್ಕೂ ಸೇರಿ 80 ರೂಪಾಯಿ.

ಅದನ್ನ ಬದಲಾಯಿಸಿ, ರಿಸೀವರ್ ಡ್ರೈಯರ್ ಹೊಸದು ಹಾಕಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪೊಳಗಿನ ಗಾಳಿ, ತೇವ ಎಲ್ಲ ಎಳೆದರು. ತೇವ ಉಳಿದ್ರೆ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಮಂಜುಗಡ್ಡೆ ಆಗಿ ದಾರಿ ಕಟ್ಟುತ್ತಂತೆ. ಕೊನೆಗೆ ಗ್ಯಾಸ್ ತೂಕ ಮಾಡಿ ತುಂಬಿದ್ರು. ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಹಾಕಿದ್ರೆ ತಂಪೂ ಕಮ್ಮಿ, ಕಂಪ್ರೆಸರ್‌ಗೂ ಹೊರೆ.

(4/5)
ಸೇವ್ ಮಾಡಿಟ್ಕೊಳ್ಳಿ. ಇದನ್ನ ಮನೇಲೇ ಮಾಡಬಹುದು.

👉 ಕಂಡೆನ್ಸರ್ ತೊಳೆಯಿರಿ. ಮಿಲ್ಲಿನ ಅಂಗಳದಲ್ಲಿ ನಿಂತು ನಿಂತು ನಮ್ಮದರಲ್ಲಿ ಹೊಟ್ಟಿನ ಧೂಳು ಗೋಡೆ ಕಟ್ಟಿತ್ತು. ಇಂಜಿನ್ ಆರಿಸಿ, ತಣ್ಣಗಾದ್ಮೇಲೆ ಮೆಲ್ಲಗೆ ನೀರು ಬಿಡಿ. ವಾಟರ್ ಸರ್ವಿಸ್‌ನ ಜೋರು ಪ್ರೆಶರ್ ಬೇಡ, ಆ ತೆಳು ಪಟ್ಟಿಗಳು ಮಡಚಿಕೊಳ್ತವೆ. ರೇಡಿಯೇಟರ್ ಅದರ ಹಿಂದೆನೇ ಇದ್ರೆ ಇಂಜಿನ್‌ಗೂ ಗಾಳಿ ಸಿಗುತ್ತೆ.

👉 ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ನಮ್ಮದನ್ನ ತೋರಿಸಿದ್ರೆ ನೀವು ಅನ್‌ಫಾಲೋ ಮಾಡ್ತೀರಿ.

👉 ಬೆಲ್ಟ್ ಸಡಿಲ ಆಗಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಇಂಜಿನ್ ಆಫ್ ಇದ್ದಾಗ ಮಾತ್ರ!

👉 ಎಸಿ ಹಾಕಿದಾಗ ಗಾಡಿ ಕೆಳಗೆ ನೀರು ತೊಟ್ಟಿಕ್ಕಿದ್ರೆ ಹೆದರಬೇಡಿ, ಅದು ಸರಿ. ನೀರು ಕ್ಯಾಬಿನ್ ಒಳಗೆ ಬಿದ್ರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಅಂತ.

👉 ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಆಯಿಲ್ ಸುತ್ತದಿದ್ರೆ ಸೀಲ್ ಒಣಗುತ್ತೆ. ನಾವು ಕೆಟ್ಟ ಎಸಿ ಅಂತ ವರ್ಷಗಟ್ಟಲೆ ಮುಟ್ಟದೇ ಬಿಟ್ಟಿದ್ದೂ ತಪ್ಪೇ.

👉 ಬಿಸಿಲಲ್ಲಿ ನಿಂತಿದ್ದ ಗಾಡಿ ಹತ್ತಿದ ಕೂಡಲೇ ಎರಡೂ ಕಿಟಕಿ ತೆಗೆದು ಬಿಸಿ ಹೊರಗೆ ಹೋಗೋಕೆ ಬಿಡಿ. ಆಮೇಲೆ ಕಿಟಕಿ ಹಾಕಿ ಒಳಗಿನ ಗಾಳಿನೇ ಸುತ್ತೋ ಬಟನ್ ಒತ್ತಿ. ದೂರದ ದಾರಿ ಆದ್ರೆ ಆಗಾಗ ಹೊರಗಿನ ಗಾಳಿನೂ ಬಿಡಿ, ಇಲ್ಲಾಂದ್ರೆ ನಿದ್ದೆ ಎಳೆಯುತ್ತೆ.

ಗ್ಯಾಸಿನ ಪೈಪ್ ಮಾತ್ರ ಬಿಚ್ಚಬೇಡಿ. ಹೊರಗೆ ಬಿಟ್ರೆ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತೆ. ಚಿಮ್ಮಿದ್ರೆ ಕೈ, ಕಣ್ಣು ಸುಟ್ಟಂಗಾಗುತ್ತೆ.

ಇನ್ನೊಂದು. ಎಸಿ ಇದೆ ಅಂತ ನೀರು ಮರೀಬೇಡಿ. ತಲೆನೋವು, ಸುತ್ತು, ವಾಕರಿಕೆ ಬಂದ್ರೆ ಗಾಡಿ ನಿಲ್ಲಿಸಿ ನೆರಳಿಗೆ ಹೋಗಿ. ಮಾತು ತೊದಲಿದ್ರೆ, ಪ್ರಜ್ಞೆ ತಪ್ಪಿದ್ರೆ ಮಜ್ಜಿಗೆ ಕುಡಿಸೋಕೆ ಹೋಗದೆ ಮೈಗೆ ನೀರು ಹಾಕ್ತಾ 108ಕ್ಕೆ ಫೋನ್ ಮಾಡಿ.

(5/5)
ಬಿಲ್: ಓ-ರಿಂಗ್ 80, ಡ್ರೈಯರ್ 1,150, ಗ್ಯಾಸ್ ಮತ್ತು ಆಯಿಲ್ 1,600, ಫಿಲ್ಟರ್ 420, ಲೇಬರ್ 1,500. ಒಟ್ಟು 4,750.

ಹೋದ ವರ್ಷ ‘ಉಳಿಸಿದ’ 4,500 ಎಲ್ಲಿ ಹೋಯ್ತು ಅಂತಲೂ ಹುಡುಕಿದೆ. ತಲೆ ಸುತ್ತಿದ ಮೇಲೆ ಅಪ್ಪ ನಾಲ್ಕು ದಿನ ಮನೇಲಿದ್ರು. ಒಂದು ಟ್ರಿಪ್ ಹೋಯ್ತು. ಡಾಕ್ಟರ್, ರಕ್ತ ಪರೀಕ್ಷೆ. ಅದನ್ನ ಯಾವ ಪುಟದಲ್ಲೂ ನಾನು ‘ಎಸಿ’ ಅಂತ ಬರೆದಿರಲಿಲ್ಲ, ‘ಇತರೆ’ ಅಂತ ಬರೆದಿದ್ದೆ. ಲಾರಿಗೆ ಸವಕಳಿ ಲೆಕ್ಕ ಹಾಕೋದು ನಮಗೆ ಕ್ಲಾಸಲ್ಲಿ ಹೇಳಿಕೊಡ್ತಾರೆ. ಓಡಿಸೋರ ಮೈ ಸವೆಯೋದಕ್ಕೆ ಲೆಡ್ಜರ್‌ನಲ್ಲಿ ಕಾಲಂ ಇಲ್ಲ.

ಎಸಿ ಶೋಕಿ ಅಲ್ಲ ಅಂತ ಸರ್ಕಾರಕ್ಕೂ ಅನಿಸಿದೆ. 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗೋ 3.5 ಟನ್‌ಗಿಂತ ಮೇಲಿನ ಲಾರಿಗಳ ಕ್ಯಾಬಿನ್‌ಗೆ ಎಸಿ ಇರಲೇಬೇಕು. ಹಳೇ ಗಾಡಿಗೆ ಈ ನಿಯಮ ಇಲ್ಲ. ಹೊಸ ಗಾಡಿ ತಗೊಂಡ್ರೂ ಕಂಡೆನ್ಸರ್‌ನ ಧೂಳು ತೆಗೆಯೋರು ನಾವೇ.

ನಿನ್ನೆ ಮಧ್ಯಾಹ್ನ ಅಪ್ಪ ಫೋನ್ ಮಾಡಿದ್ರು. ಹಿರಿಯೂರು ದಾಟಿ ಊಟಕ್ಕೆ ನಿಲ್ಲಿಸಿದ್ರಂತೆ.
“ಎಸಿ ಹಾಕೀರೇನು?”
“ಹಾಕಿದ್ದೆ. ಮೋಡ ಐತಿ ಅಂತ ಆಫ್ ಮಾಡೀನಿ. ಡೀಸೆಲ್ ತಿಂತೈತವ್ವ ಅದು.”
“ಅಪ್ಪಾ, ಡೀಸೆಲ್ ಲೆಕ್ಕ ನಾ ನೋಡ್ಕೊಂತೀನಿ. ನೀವು ಹಾಕ್ರಿ.”
ಆ ಕಡೆ ನಗು.

ಈ ವರ್ಷದ ಪುಟ ಕೊನೇ ಫೋಟೋದಲ್ಲಿದೆ. ‘ಬೇಡ’ ಅನ್ನೋ ಕಾಲಂ ತೆಗೆದಿದೀನಿ.

ನಿಮ್ಮ ಮನೇಲಿ ಅಪ್ಪ, ಅಣ್ಣ, ಮಾವ ಯಾರಾದ್ರೂ ಗಾಡಿ ಓಡಿಸ್ತಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ. “ಎಸಿ ಇದೆಯಾ” ಅಂತಲ್ಲ, “ತಂಪು ಬರ್ತಿದೆಯಾ” ಅಂತ. ಅವರಾಗೇ ಹೇಳಲ್ಲ.

#ಲಾರಿಲೆಡ್ಜರ್ #ಅಪ್ಪನಗಾಡಿ #ಗಂಗಾವತಿ #ಬಿಕಾಂಬದುಕು